ಕ್ಯುಪರ್ಟಿನೊ ಬೆಟ್ಟದಲ್ಲಿ ಗುಟುಕು ವೈನ್

ಕ್ಯುಪರ್ಟಿನೊ ಎಂದಕೂಡಲೇ ನಮ್ಮವರಿಗೆ ನೆನಪಾಗುವುದು ಆ್ಯಪಲ್ ಕಂಪನಿ. ಆ ಊರಿನ ಬೆನ್ನಿಗೇ ಸಾಂತಾ ಕ್ರೂಜ್ ಬೆಟ್ಟಸಾಲು ಇದೆ. ಮಾಂಟೆಬೆಲ್ಲೊ ರಸ್ತೆ ಹಿಡಿದು ತಿರುವಿನ ಮೇಲೆ ತಿರುವು ಹತ್ತಿದರೆ ಸುಮಾರು 2,600 ಅಡಿ ಎತ್ತರದಲ್ಲಿ ‘ರಿಜ್’ ಎಂಬ ವೈನರಿ ಸಿಗುತ್ತದೆ. ಒಂದು ಕಡೆ ದ್ರಾಕ್ಷಿ ಸಾಲುಗಳು, ಇನ್ನೊಂದು ಕಡೆ ಕೆಳಗೆ ಇಡೀ ಸಿಲಿಕಾನ್ ಕಣಿವೆ.

ಕ್ಯಾಲಿಫೋರ್ನಿಯಾದ ಈ ಭಾಗದಲ್ಲಿರುವ ಕನ್ನಡದ ಮನೆಗಳಿಗೆ ಊರಿನಿಂದ ಅಪ್ಪ ಅಮ್ಮ ಬಂದರೆ ಮೊದಲು ಗೋಲ್ಡನ್ ಗೇಟ್ ಸೇತುವೆ, ಆಮೇಲೆ ಯೊಸೆಮಿಟಿ. ಅದೂ ಮುಗಿದ ಮೇಲೆ ಯಾರೋ ಸ್ನೇಹಿತರು ವೈನ್ ಟೇಸ್ಟಿಂಗ್ ಮಾತೆತ್ತುತ್ತಾರೆ. “ಕುಡಿಯೋ ಜಾಗಕ್ಕೆ ನಮ್ಮನ್ಯಾಕೆ ಕರ್ಕೊಂಡು ಹೋಗ್ತೀಯೋ?” ಎಂಬ ಪ್ರಶ್ನೆ ಬಂದೇ ಬರುತ್ತದೆ. ಕೇಳುವುದು ಸಹಜವೇ. ಆದರೆ ಮದ್ಯಕ್ಕೆ ಸಂಬಂಧಿಸಿದ ಜಾಗಗಳಲ್ಲಿ, ಬಾಯಿಗೆ ಹಾಕಿಕೊಂಡದ್ದನ್ನು ಉಗುಳಿದರೂ ಯಾರೂ ಮುಖ ಸಿಂಡರಿಸದ ಜಾಗ ಇದೊಂದೇ ಇರಬೇಕು. ಉಗುಳುವುದಕ್ಕೆಂದೇ ಮೇಜಿನ ಮೇಲೊಂದು ಪಾತ್ರೆ ಇಟ್ಟಿರುತ್ತಾರೆ. ದಿನಕ್ಕೆ ಹತ್ತಾರು ಬಗೆ ರುಚಿ ನೋಡುವ ವೃತ್ತಿಯವರು ನುಂಗುವುದೇ ಇಲ್ಲ.

ಒಂದು ಸಲಕ್ಕೆ ಲೋಟಕ್ಕೆ ಬೀಳುವುದು 30ರಿಂದ 60 ಮಿಲಿಲೀಟರ್. ಮೊದಲು ಲೋಟವನ್ನು ಓರೆ ಮಾಡಿ ಬಿಳಿ ಕಾಗದದ ಮುಂದೆ ಹಿಡಿದು ಬಣ್ಣ ನೋಡುವುದು. ವಯಸ್ಸಾದ ಕೆಂಪು ವೈನಾದರೆ ಅಂಚು ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತದೆ. ಆಮೇಲೆ ಲೋಟವನ್ನು ಮೆಲ್ಲಗೆ ಸುತ್ತಿಸಿ, ಮೂಗನ್ನು ಒಳಗಿಟ್ಟು ಎಳೆದುಕೊಳ್ಳುವುದು. ಬಾಯಿಗೆ ಹೋಗುವುದು ಕೊನೆಗೆ, ಅದೂ ಒಂದು ಗುಟುಕು. ನಾಲಿಗೆ ಒಂದು ಕ್ಷಣ ಒಣಗುತ್ತದೆ, ಒಸಡು ಬಿಗಿಯುತ್ತದೆ, ಎಳೆ ಅಡಿಕೆ ಕಚ್ಚಿದ ಹಾಗೆ. ಈ ಒಗರು ಬರುವುದು ದ್ರಾಕ್ಷಿಯ ಸಿಪ್ಪೆ ಬೀಜಗಳಲ್ಲಿರುವ ಟ್ಯಾನಿನ್‌ನಿಂದ. ಬೆಟ್ಟದ ಹಣ್ಣಿನಲ್ಲಿ ಇದು ಸಾಮಾನ್ಯವಾಗಿ ಹೆಚ್ಚು. ಮಣ್ಣು ತೆಳು, ಕೆಳಗೆ ಸುಣ್ಣಕಲ್ಲು. ಬಳ್ಳಿ ಸೊಂಪಾಗಿ ಬೆಳೆಯುವುದಿಲ್ಲ, ಹಣ್ಣು ಸಣ್ಣದು. ಹಣ್ಣು ಸಣ್ಣದಾದಷ್ಟೂ ರಸಕ್ಕೆ ಹೋಲಿಸಿದರೆ ಸಿಪ್ಪೆಯ ಪಾಲು ಜಾಸ್ತಿ.

ಎತ್ತರದ ಇನ್ನೊಂದು ಕೊಡುಗೆ ಮಂಜಿಗೆ ಸಂಬಂಧಿಸಿದ್ದು. ಪೆಸಿಫಿಕ್ ಸಾಗರ ಇಲ್ಲಿಂದ ಸುಮಾರು 15 ಮೈಲಿ. ಬೇಸಿಗೆಯ ರಾತ್ರಿ ಅಲ್ಲಿಂದ ನುಗ್ಗುವ ಮಂಜು ತಗ್ಗುಗಳಲ್ಲಿ ತುಂಬಿಕೊಳ್ಳುತ್ತದೆ, ನೆತ್ತಿಯ ತೋಟಗಳು ಅದರ ಮೇಲೆಯೇ ಉಳಿಯುತ್ತವೆ. ಹಗಲಲ್ಲಿ ಸಮುದ್ರದ ಗಾಳಿ ಬಿಸಿಲಿನ ಕಾವನ್ನು ತಗ್ಗಿಸುತ್ತದೆ. ಹಣ್ಣು ನಿಧಾನವಾಗಿ ಮಾಗುತ್ತದೆ, ಹುಳಿ ಉಳಿದುಕೊಳ್ಳುತ್ತದೆ.

ಈ ಗುಡ್ಡವನ್ನು ನಂಬಿದ ಮೊದಲಿಗರಲ್ಲಿ ಒಬ್ಬ ಸ್ಯಾನ್ ಫ್ರಾನ್ಸಿಸ್ಕೊದ ವೈದ್ಯ ಓಸಿಯಾ ಪೆರೋನ್. 1880ರ ದಶಕದಲ್ಲಿ ಜಮೀನು ಕೊಂಡು, ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಸಿ ಬಳ್ಳಿ ನೆಟ್ಟ. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧ ಬಂತು, ಮುಂದೆ ತೋಟ ಪಾಳುಬಿತ್ತು. 1959ರಲ್ಲಿ ಈ ಗುಡ್ಡದಲ್ಲಿ ತೋಟ ಕೊಂಡವರು ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಡೇವ್ ಬೆನಿಯನ್ ಮತ್ತು ಸಹೋದ್ಯೋಗಿಗಳು. ಅವರಿಗೆ ಮೊದಮೊದಲು ಇದು ವಾರಾಂತ್ಯದ ಕೆಲಸ, ಹೆಂಡತಿ ಮಕ್ಕಳೂ ಕೈಹಾಕುತ್ತಿದ್ದರು. 1969ರಲ್ಲಿ ಪಾಲ್ ಡ್ರೇಪರ್ ವೈನ್ ತಯಾರಿಕೆಯ ಹೊಣೆ ಹೊತ್ತ.

1976ರ ಮೇ ತಿಂಗಳಲ್ಲಿ ಸ್ಟೀವನ್ ಸ್ಪರಿಯರ್ ಎಂಬ ಬ್ರಿಟಿಷ್ ವ್ಯಾಪಾರಿ ಪ್ಯಾರಿಸ್ಸಿನಲ್ಲಿ ಫ್ರೆಂಚ್ ತೀರ್ಪುಗಾರರನ್ನು ಕೂರಿಸಿ, ಹೆಸರು ಮುಚ್ಚಿಟ್ಟು ಫ್ರಾನ್ಸ್ ಮತ್ತು ಕ್ಯಾಲಿಫೋರ್ನಿಯಾದ ವೈನ್‌ಗಳನ್ನು ಸವಿಯಲು ಕೊಟ್ಟ. ಕೆಂಪು, ಬಿಳಿ ಎರಡರಲ್ಲೂ ಮೊದಲ ಸ್ಥಾನ ಕ್ಯಾಲಿಫೋರ್ನಿಯಾದ ಪಾಲಾಯಿತು. ರಿಜ್‌ನ 1971ರ ‘ಮಾಂಟೆ ಬೆಲ್ಲೊ’ ವೈನ್ ಕೆಂಪಿನಲ್ಲಿ ಬಂದದ್ದು ಐದನೇ ಸ್ಥಾನಕ್ಕೆ. ಕ್ಯಾಲಿಫೋರ್ನಿಯಾದ ವೈನ್ ಬಹುಕಾಲ ಬಾಳುವುದಿಲ್ಲ ಎಂದು ಫ್ರೆಂಚರು ಸಮಾಧಾನ ಮಾಡಿಕೊಂಡರು. 30 ವರ್ಷದ ನಂತರ, 2006ರಲ್ಲಿ, ಅದೇ ಕೆಂಪು ವೈನ್‌ಗಳನ್ನು ಲಂಡನ್ ಮತ್ತು ನಾಪಾದಲ್ಲಿ ಮತ್ತೆ ಸವಿದು ನೋಡಿದಾಗ ಮೊದಲು ಬಂದದ್ದು ಬೆಟ್ಟದ ಆ ಐದನೆಯದೇ.

ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದ ಕಡೆಯವರು ಜೊತೆಗಿದ್ದರೆ ಮಾತು ತೋಟದತ್ತ ತಿರುಗುತ್ತದೆ. ನಮ್ಮಲ್ಲಿ ಬೆಂಗಳೂರು ಬ್ಲೂ ದ್ರಾಕ್ಷಿ ಚಪ್ಪರದ ಮೇಲೆ ಹಬ್ಬಿ ವರ್ಷಕ್ಕೆ ಎರಡು ಫಸಲು ಕೊಡುತ್ತದೆ. ಇಲ್ಲಿ ತಂತಿ ಕಟ್ಟಿದ ಕುಳ್ಳು ಸಾಲು, ವರ್ಷಕ್ಕೆ ಒಂದೇ ಫಸಲು. ಚಳಿಗಾಲದಲ್ಲಿ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ. ನಂದಿಬೆಟ್ಟದ ತಪ್ಪಲಿನ ವೈನ್ ತೋಟಗಳಲ್ಲಿ ಬಳ್ಳಿಗೆ ಆ ನಿದ್ದೆ ಇಲ್ಲ. ಅದಕ್ಕೇ ವರ್ಷಕ್ಕೆ ಎರಡು ಬಾರಿ ಸವರಬೇಕು, ಒಮ್ಮೆ ಬೇಸಿಗೆಯಲ್ಲಿ, ಇನ್ನೊಮ್ಮೆ ಮಳೆಗಾಲ ಮುಗಿಯುವಾಗ. ಅಲ್ಲಿ ಕೊಯ್ಲು ಫೆಬ್ರವರಿ, ಮಾರ್ಚ್. ಇಲ್ಲಿ ಸೆಪ್ಟೆಂಬರ್, ಅಕ್ಟೋಬರ್.

ಅಪ್ಪಟ ಸಸ್ಯಾಹಾರಿಗಳಿಗೆ ಒಂದು ಮಾತು. ಕೆಂಪು ವೈನಿನ ಒಗರು ತಗ್ಗಿಸಲು ಮೊಟ್ಟೆಯ ಬಿಳಿಭಾಗ ಬೆರೆಸುವುದು ಹಳೆಯ ಪದ್ಧತಿ. ಅದು ಟ್ಯಾನಿನ್ನನ್ನು ಹಿಡಿದುಕೊಂಡು ತಳಕ್ಕಿಳಿಯುತ್ತದೆ, ಮೇಲಿನ ವೈನನ್ನು ಬಸಿದುಕೊಳ್ಳುತ್ತಾರೆ. ಬಹುತೇಕ ಬಾಟಲಿಗಳ ಮೇಲೆ ಇದು ಬರೆದಿರುವುದಿಲ್ಲ. ರಿಜ್‌ನವರು ಮಾತ್ರ ಕಾನೂನಿನ ಒತ್ತಾಯವಿಲ್ಲದಿದ್ದರೂ ಏನೇನು ಸೇರಿದೆ ಎಂದು ಲೇಬಲ್ ಮೇಲೆ ಅಚ್ಚು ಹಾಕುತ್ತಾರೆ. ಬೇರೆ ಕಡೆ ಕೇಳಿಯೇ ತಿಳಿಯಬೇಕು, ಕೇಳುವುದಕ್ಕೆ ಸಂಕೋಚ ಬೇಡ.

ಮನೆಯಿಂದ ತಂದ ಡಬ್ಬಿ ತೆರೆಯಲು ಕೆಲವು ವೈನರಿಗಳು ಬಿಡುತ್ತವೆ, ಕೆಲವು ಬಿಡುವುದಿಲ್ಲ. ಬಿಟ್ಟರೂ ಕೋಡುಬಳೆ ಪಕ್ಕಕ್ಕಿರಲಿ: ಖಾರ ಮತ್ತು ಆಲ್ಕೋಹಾಲ್ ಸೇರಿದರೆ ಉರಿ ಹೆಚ್ಚುತ್ತದೆ, ರುಚಿ ಕೈಗೆ ಸಿಗುವುದಿಲ್ಲ. ಚೀಸ್ ಒಗರನ್ನು ಮೆದುವಾಗಿಸುತ್ತದೆ. ಮಕ್ಕಳನ್ನು ಒಳಗೆ ಬಿಡುವ ವಿಷಯದಲ್ಲೂ ಒಂದೊಂದು ಕಡೆ ಒಂದೊಂದು ನಿಯಮ. 21 ತುಂಬದವರಿಗೆ ವೈನ್ ಮಾತ್ರ ಎಲ್ಲೂ ಕೊಡುವುದಿಲ್ಲ.

ಕಾರು ಓಡಿಸುವವರು ಯಾರು ಎನ್ನುವುದು ಮನೆಯಲ್ಲೇ ತೀರ್ಮಾನವಾಗಿರಬೇಕು. ಬೆಟ್ಟದ ರಸ್ತೆ ಕಿರಿದು, ಕ್ಯಾಲಿಫೋರ್ನಿಯಾದಲ್ಲಿ ರಕ್ತದ ಆಲ್ಕೋಹಾಲ್ ಮಿತಿ ಶೇ. 0.08. ಮುಚ್ಚಳ ತೆಗೆದ ಬಾಟಲಿಯನ್ನು ಸೀಟಿನ ಹತ್ತಿರ ಇಟ್ಟುಕೊಳ್ಳುವಂತಿಲ್ಲ, ಡಿಕ್ಕಿಗೆ ಹಾಕಬೇಕು. ಮುಚ್ಚಳ ತೆಗೆಯದ್ದನ್ನು ಊರಿಗೆ ಒಯ್ಯುವುದಾದರೆ ಕೈಚೀಲದಲ್ಲಿ ಬಿಡುವುದಿಲ್ಲ, ಚೆಕ್-ಇನ್ ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿ ಇಡಬೇಕು. ಭಾರತದ ಕಸ್ಟಮ್ಸ್ ಸುಂಕವಿಲ್ಲದೆ ಬಿಡುವುದು ತಲಾ 2 ಲೀಟರ್, ಅಂದರೆ 750 ಮಿಲಿಲೀಟರ್‌ನ ಬಾಟಲಿ ಎರಡು.