ಬೆಕ್ಕು ಬೇರೆ, ನಾಯಿ ಬೇರೆ

ಮೂರು ತಿಂಗಳ ಕೂಸಿಗೆ ಕತ್ತು ಆಗಷ್ಟೇ ನಿಲ್ಲತೊಡಗಿರುತ್ತದೆ. ಮಾತು ಬರಲು ಇನ್ನೂ ತಿಂಗಳುಗಳೇ ಬೇಕು. ಆದರೆ ಬೆಕ್ಕುಗಳನ್ನೆಲ್ಲ ಒಂದು ಗುಂಪು ಮಾಡಿ, ನಾಯಿಯನ್ನು ಆ ಗುಂಪಿನಿಂದ ಹೊರಗಿಡುವಷ್ಟು ಬುದ್ಧಿ ಅದಕ್ಕೆ ಬಂದಿರುತ್ತದೆ.

ಇದು ಗೊತ್ತಾಗುವುದು ಮಗುವಿನ ಕಣ್ಣಿನಿಂದ. ಒಂದೇ ಬಗೆಯದನ್ನು ಮತ್ತೆ ಮತ್ತೆ ತೋರಿಸಿದರೆ ಅದಕ್ಕೆ ಬೇಸರ ಬರುತ್ತದೆ. ಹೊಸದು ಕಂಡರೆ ನೋಟ ಅಲ್ಲೇ ನಿಲ್ಲುತ್ತದೆ. ಅಮೆರಿಕದ ಮನೋವಿಜ್ಞಾನಿಗಳಾದ ಪಾಲ್ ಕ್ವಿನ್, ಪೀಟರ್ ಐಮಸ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಆಧರಿಸಿತ್ತು. ಮೂರು–ನಾಲ್ಕು ತಿಂಗಳ ಶಿಶುಗಳಿಗೆ ಬಗೆಬಗೆಯ ಬೆಕ್ಕುಗಳ ಫೋಟೊಗಳನ್ನು ಜೋಡಿಜೋಡಿಯಾಗಿ ತೋರಿಸಿದರು. ಕೊನೆಗೆ ಒಂದು ಕಡೆ ಹೊಸ ಬೆಕ್ಕು, ಇನ್ನೊಂದು ಕಡೆ ನಾಯಿ. ಎರಡೂ ಅದುವರೆಗೆ ಕಾಣದ ಚಿತ್ರಗಳೇ. ಶಿಶುಗಳು ಹೆಚ್ಚು ಹೊತ್ತು ನೋಡಿದ್ದು ನಾಯಿಯನ್ನು.

ಸ್ವಾರಸ್ಯವಿರುವುದು ಇದರ ತಿರುಗುಮುರುಗಿನಲ್ಲಿ. ಮೊದಲು ನಾಯಿಗಳನ್ನು ತೋರಿಸಿ ಕೊನೆಗೆ ಬೆಕ್ಕನ್ನು ತಂದರೆ, ಶಿಶುಗಳಿಗೆ ಅದು ಅಷ್ಟೇನೂ ಹೊಸದೆನಿಸಲಿಲ್ಲ! ಮುಧೋಳ ನಾಯಿಯ ಉದ್ದ ಮೂತಿ ಎಲ್ಲಿ, ಪಗ್‌ನ ಚಪ್ಪಟೆ ಮುಖ ಎಲ್ಲಿ? ನಾಯಿಗಳಲ್ಲಿ ವೈವಿಧ್ಯ ಎಷ್ಟಿದೆಯೆಂದರೆ, ಬೆಕ್ಕಿನ ಮುಖವೂ ಆ ಅಳತೆಯೊಳಗೇ ಹಿಡಿಸಿಬಿಡುತ್ತದೆ. ಹೆಚ್ಚುಕಡಿಮೆ ಒಂದೇ ಥರ ಕಾಣುವ ನಾಯಿಗಳನ್ನಷ್ಟೇ ಆರಿಸಿ ತೋರಿಸಿದಾಗ ಶಿಶುಗಳು ಬೆಕ್ಕನ್ನು ಬೇರೆಯೆಂದೇ ಗುರುತಿಸಿದವು. ಅಂದರೆ ಮಗು ಕಂಡಷ್ಟರಿಂದಲೇ ಲೆಕ್ಕ ಹಾಕುತ್ತಿದೆ, ಮತ್ತು ಆ ಲೆಕ್ಕ ಸರಿಯಾಗಿಯೇ ಇದೆ.

ಗುರುತು ಸಿಗುವುದು ಎಲ್ಲಿಂದ? ಮುಖ್ಯವಾಗಿ ತಲೆಯಿಂದ. ಮೈ ಮರೆಮಾಡಿ ತಲೆಯನ್ನಷ್ಟೇ ತೋರಿಸಿದರೂ ಶಿಶುಗಳು ಬೆಕ್ಕು–ನಾಯಿಗಳನ್ನು ಬೇರ್ಪಡಿಸಿದವು. ಮೈಯನ್ನಷ್ಟೇ ತೋರಿಸಿದಾಗ ಆಗಲಿಲ್ಲ.

ಕೂಸಿಗೆ ಏನು ತಿಳಿಯುತ್ತದೆ ಎಂದು ಅದರೊಂದಿಗೆ ಮಾತಾಡದೆ ಕೂರುವವರು ಮುಂದಿನದನ್ನು ಗಮನವಿಟ್ಟು ಓದಬೇಕು. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸಾಂಡ್ರಾ ವ್ಯಾಕ್ಸ್‌ಮನ್, ಸೂಸನ್ ಹೆಸ್ಪೋಸ್ ಮತ್ತು ಆ್ಯಲಿಸನ್ ಫೆರ್ರಿ 2010ರಲ್ಲಿ ಮೂರು–ನಾಲ್ಕು ತಿಂಗಳ ಶಿಶುಗಳಿಗೆ ಡೈನೊಸಾರ್ ಅಥವಾ ಮೀನಿನ ಚಿತ್ರಗಳನ್ನು ತೋರಿಸಿದರು. ಕೆಲವು ಶಿಶುಗಳಿಗೆ ಚಿತ್ರದ ಜೊತೆ ಒಂದು ಕಲ್ಪಿತ ಹೆಸರು ಹೇಳಿ ಮಾತಾಡಿಸಿದರು, ಉಳಿದವಕ್ಕೆ ಬರೀ ಯಂತ್ರದ ನಾದ ಕೇಳಿಸಿದರು. ಮಾತು ಕೇಳಿದ ಶಿಶುಗಳು ಆ ಚಿತ್ರಗಳನ್ನು ಒಂದು ಗುಂಪಾಗಿ ಕಂಡವು. ನಾದ ಕೇಳಿದವಕ್ಕೆ ಅದು ಸಾಧ್ಯವಾಗಲಿಲ್ಲ.

2013ರಲ್ಲಿ ಇದೇ ತಂಡ ಮಡಗಾಸ್ಕರ್‌ನ ಲೆಮೂರ್ ಎಂಬ ಪ್ರಾಣಿಯ ಕೂಗನ್ನು ಕೇಳಿಸಿ ನೋಡಿತು. ಅಚ್ಚರಿಯೆಂದರೆ, ಮೂರು–ನಾಲ್ಕು ತಿಂಗಳವರೆಗೆ ಅದೂ ಮನುಷ್ಯರ ಮಾತಿನಷ್ಟೇ ನೆರವಾಯಿತು. ಹಿಂದುಮುಂದಾಗಿ ನುಡಿಸಿದ ಮಾತಿನಿಂದ ಮಾತ್ರ ಏನೂ ಪ್ರಯೋಜನವಾಗಲಿಲ್ಲ. ಆರು ತಿಂಗಳು ತುಂಬುವ ಹೊತ್ತಿಗೆ ಲೆಮೂರ್‌ನ ಕೂಗೂ ಕೆಲಸಕ್ಕೆ ಬಾರದಾಯಿತು. ಅಷ್ಟರಲ್ಲಿ ಶಿಶುಗಳು ಮನುಷ್ಯರ ಮಾತನ್ನಷ್ಟೇ ನೆಚ್ಚತೊಡಗಿದ್ದವು.