ನಿಮಗಿದು ಗೊತ್ತೆ? ಒಂಟಿತನಕ್ಕೆ ಜಪಾನಿನಲ್ಲಿ ಹಲವು ಹೆಸರು

ಜಪಾನಿ ಭಾಷೆಯಲ್ಲಿ ಒಬ್ಬರೇ ಇರುವುದು ‘ಹಿತೊರಿ’. ಅದರಲ್ಲಿ ದುಃಖವೂ ಇಲ್ಲ, ಸುಖವೂ ಇಲ್ಲ. ‘ಹಿತೊರಿಬೊಚ್ಚಿ’ ಎಂದರೆ ಜೊತೆಗೆ ಯಾರೂ ಇಲ್ಲವೆಂಬ ಕೊರಗು ಸೇರುತ್ತದೆ. ಅದೇ ಹಿತೊರಿಗೆ ಹಿಂದೆ ಮುಂದೆ ಗೌರವಸೂಚಕ ಹತ್ತಿ ‘ಒಹಿತೊರಿಸಾಮ’ ಆದರೆ, ಹೋಟೆಲಿಗೆ ಒಬ್ಬರೇ ಬಂದ ಮಾನ್ಯ ಗ್ರಾಹಕರು. ಸಮಾಜಶಾಸ್ತ್ರಜ್ಞೆ ಚಿಜುಕೊ ಉಎನೊ 2007ರಲ್ಲಿ ಒಂಟಿ ಮಹಿಳೆಯರ ಮುಪ್ಪಿನ ಬಗ್ಗೆ ಬರೆದ, ಬಹಳ ಜನ ಕೊಂಡು ಓದಿದ ಪುಸ್ತಕದ ಹೆಸರಿನಲ್ಲೇ ಈ ಪದವಿದೆ. ಒಂಟಿಯಾಗಿರುವುದೆಂದರೆ ಕೊರತೆಯೇ ಎಂಬ ಎಣಿಕೆಯನ್ನು ಈ ಪದಗಳು ಒಪ್ಪುವುದಿಲ್ಲ.

ಗೌರವದ ಮಾತು ನೋವನ್ನು ಮುಚ್ಚಿಡುವುದಿಲ್ಲವೇ ಎಂದು ಕೇಳಬಹುದು. ಯಾರಿಗೂ ತಿಳಿಯದೆ ಮನೆಯಲ್ಲೇ ಒಬ್ಬಂಟಿಯಾಗಿ ಸಾಯುವುದಕ್ಕೆ ‘ಕೊದೊಕುಶಿ’ ಎಂಬ ಪದವೂ ಅಲ್ಲೇ ಹುಟ್ಟಿರುವಾಗ ಈ ಆಕ್ಷೇಪ ಹಗುರವಾದದ್ದಲ್ಲ. ಆದರೆ ನೋವಿಗೆ ಬೇರೆಯೇ ಹೆಸರಿರುವುದರಿಂದಲೇ ಅದನ್ನು ಗುರುತಿಸುವುದು ಸುಲಭ. ಒಂಟಿತನದ ಹೊಣೆಗೆಂದೇ 2021ರಲ್ಲಿ ಸಚಿವರನ್ನು ನೇಮಿಸಿದ ಜಪಾನ್, 2024ರ ಏಪ್ರಿಲ್‌ನಲ್ಲಿ ಜಾರಿಗೆ ತಂದ ಕಾಯ್ದೆಯ ಹೆಸರಿನಲ್ಲಿ ‘ಕೊದೊಕು’, ‘ಕೊರಿತ್ಸು’ ಎರಡನ್ನೂ ಸೇರಿಸಿತು: ಮೊದಲನೆಯದು ಮನಸ್ಸಿಗೆ ಅನ್ನಿಸುವ ಒಂಟಿತನ, ಎರಡನೆಯದು ಜನರ ಸಂಪರ್ಕವೇ ಕಡಿದುಹೋದ ಸ್ಥಿತಿ. ತುಂಬಿದ ಮನೆಯಲ್ಲೂ ಮೊದಲನೆಯದು ಕಾಡಬಹುದು. ಒಬ್ಬರೇ ಬದುಕುವವರಿಗೆಲ್ಲ ಇವೆರಡೂ ಇರಲೇಬೇಕೆಂದಿಲ್ಲ. 2020ರ ಜನಗಣತಿಯಲ್ಲಿ ಶೇ 38ರಷ್ಟು ಮನೆಗಳಲ್ಲಿ ಒಬ್ಬೊಬ್ಬರೇ ಇದ್ದ ದೇಶದಲ್ಲಿ, ನೆರವು ನಿಜಕ್ಕೂ ಯಾರಿಗೆ ಬೇಕೆಂದು ತಿಳಿಯಲು ಈ ವ್ಯತ್ಯಾಸ ಬೇಕೇ ಬೇಕು.