ಎಲುಬಿನ ಬಲವೂ ಕರಪತ್ರದ ಮಾತೂ

ಕಳೆದ ದೀಪಾವಳಿಯ ಹೊತ್ತಿಗೆ ಮೆಟ್ರಿ ಗ್ರಾಮದಲ್ಲಿರುವ ನನ್ನ ಅಕ್ಕನ ಕೈಗೆ ಒಂದು ಕರಪತ್ರ ಬಂದಿತು. ಅದರಲ್ಲಿ ಮೇಲೆ ನಿಂತವರನ್ನು ನಡುಗಿಸುವ ವಿದ್ಯುತ್ ಹಲಗೆಯೊಂದರ ಚಿತ್ರ. ಕೆಳಗೆ, ದಿನಕ್ಕೆ ಹತ್ತು ನಿಮಿಷ ನಿಂತರೆ ಮೂವತ್ತು ದಿನಗಳಲ್ಲಿ ಎಲುಬು ವಜ್ರದಂತಾಗುವುದೆಂಬ ಭರವಸೆ. ಅಕ್ಕನಿಗೆ ಅರವತ್ತೆರಡು ವರ್ಷ. ಅಂಗಳದಲ್ಲಿ ಜಾರಿಬಿದ್ದು ಮಣಿಕಟ್ಟಿನ ಎಲುಬು ಮುರಿದು ಮೂರು ತಿಂಗಳಾಗಿತ್ತು. ಹಲಗೆಯ ಬೆಲೆ ಹಾಲು ಕರೆಯುವ ಎಮ್ಮೆಯ ಬೆಲೆಗೆ ಹೆಚ್ಚು ಕಡಮೆ ಸಮ. “ತಮ್ಮಾ, ಎಮ್ಮಿ ಮಾರಿ ಇದನ್ನ ತರಿಸ್ಲೇನು?” ಎಂದು ಕೇಳಿದಳು.

ಕನ್ನಡ ಪಾಠ ಹೇಳುವ ನನಗೆ ವೈದ್ಯಶಾಸ್ತ್ರದ ಅಧಿಕಾರವಿಲ್ಲ. ಆದರೆ ಹೇಳಿದ ಮಾತಿಗೆ ಪ್ರಮಾಣವೆಲ್ಲಿ ಎಂದು ಕೇಳುವ ಅಭ್ಯಾಸವುಂಟು. ಅಂತೆಯೇ ಬಲ್ಲವರನ್ನು ಕೇಳಿ, ಓದಿ ತಿಳಿದುದನ್ನು ಇಲ್ಲಿ ಅರಿಕೆ ಮಾಡುತ್ತೇನೆ.

ಎಲುಬು ಗೋಡೆಯ ಕಲ್ಲಿನಂತೆ ಜಡವಸ್ತುವಲ್ಲ. ಒಂದು ಬಗೆಯ ಜೀವಕೋಶಗಳು ಹಳೆಯ ಎಲುಬನ್ನು ಕರಗಿಸುತ್ತಿದ್ದರೆ ಇನ್ನೊಂದು ಬಗೆಯವು ಹೊಸದನ್ನು ಕಟ್ಟುತ್ತಿರುತ್ತವೆ. ಮೂವತ್ತರ ಆಸುಪಾಸಿನವರೆಗೆ ಕಟ್ಟುವ ಕೆಲಸ ಮುಂದು. ಆಮೇಲೆ ಕರಗುವುದು ಮುಂದು. ಮುಟ್ಟು ನಿಂತ ಬಳಿಕ ಹೆಂಗಸರಲ್ಲಿ ಈ ನಷ್ಟ ಇನ್ನೂ ವೇಗವಾಗುವುದು. ಹೊರೆ ಬಿದ್ದಲ್ಲಿ ಎಲುಬು ಬಲಿಯುತ್ತದೆಂದು ಜರ್ಮನಿಯ ಜೂಲಿಯಸ್ ವುಲ್ಫ್ 1892ರಲ್ಲಿ ಪ್ರತಿಪಾದಿಸಿದನು. ಟೆನಿಸ್ ಆಟಗಾರರ ಆಡುವ ತೋಳಿನ ಎಲುಬು ಇನ್ನೊಂದು ತೋಳಿನದಕ್ಕಿಂತ ದಪ್ಪ. ಭಾರವೇ ಇಲ್ಲದ ಬಾಹ್ಯಾಕಾಶದಲ್ಲಿ ಯಾತ್ರಿಕರು ಸೊಂಟದ ಎಲುಬನ್ನು ತಿಂಗಳಿಗೆ ಶೇಕಡಾ ಒಂದರಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಕಳೆದುಕೊಂಡುದುಂಟು.

ಹಾಗಾದರೆ ಯಾವ ವ್ಯಾಯಾಮ ಒಳ್ಳೆಯದು? ಈಜು, ಸೈಕಲ್ ಸವಾರಿ ಹೃದಯಕ್ಕೆ ಹಿತ. ಎಲುಬಿಗೆ ಹೊರೆ ಸಾಲದು. ನಡಿಗೆಯೊಂದರಿಂದಲೂ ಹೆಚ್ಚಿನ ಲಾಭ ಕಾಣದು. ಆಸ್ಟ್ರೇಲಿಯದಲ್ಲಿ ಎಲುಬು ಸವೆದ 101 ಮಂದಿ ಹೆಂಗಸರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಒಂದು ಗುಂಪಿನವರು ಶಿಕ್ಷಕರ ಕಣ್ಣೆದುರಿನಲ್ಲೇ ವಾರಕ್ಕೆ ಎರಡು ಬಾರಿ, ಅರ್ಧ ಗಂಟೆಯಂತೆ, ಎಂಟು ತಿಂಗಳು ಭಾರ ಎತ್ತಿದರು. ಅವರ ಬೆನ್ನೆಲುಬಿನ ಸಾಂದ್ರತೆ ಶೇಕಡಾ 2.9ರಷ್ಟು ಏರಿತು, ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದವರಲ್ಲಿ ಶೇಕಡಾ 1.2ರಷ್ಟು ಇಳಿಯಿತು. ನಿಜವಾದ ಲಾಭದ ಅಳತೆ ಇಷ್ಟು, ವಜ್ರದ ಮಾತಿಲ್ಲ. ಇನ್ನು ನಡುಗುವ ಹಲಗೆ: ಕೆನಡಾದಲ್ಲಿ 202 ಮಂದಿ ಹೆಂಗಸರ ಮೇಲೆ ವರ್ಷವಿಡೀ ನಡೆದ ಪರೀಕ್ಷೆಯಲ್ಲಿ, ಹಲಗೆಯ ಮೇಲೆ ನಿಂತವರಿಗೂ ನಿಲ್ಲದವರಿಗೂ ಎಲುಬಿನ ಸಾಂದ್ರತೆಯಲ್ಲಿ ವ್ಯತ್ಯಾಸವಾಗಲಿಲ್ಲವೆಂದು 2011ರಲ್ಲಿ ವರದಿಯಾಯಿತು.

ಭಾರ ಎತ್ತುವುದು ನಮ್ಮ ಸೀಮೆಗೆ ಹೊಸದಲ್ಲ. 1520ರ ಸುಮಾರಿಗೆ ಹಂಪೆಗೆ ಬಂದ ಪೋರ್ತುಗೀಸ ಪಯಸ್, ಕೃಷ್ಣದೇವರಾಯನು ನಸುಕಿನಲ್ಲೆದ್ದು ಮಣ್ಣಿನಿಂದ ಮಾಡಿದ ದೊಡ್ಡ ಭಾರಗಳನ್ನೆತ್ತಿ, ಕತ್ತಿವರಸೆ ಮಾಡಿ, ಜಟ್ಟಿಯೊಡನೆ ಕುಸ್ತಿ ಹಿಡಿಯುತ್ತಿದ್ದನೆಂದು ಬರೆದಿದ್ದಾನೆ. ಆದರೆ ಅರಸನು ಮಾಡಿದನೆಂದು ಅಜ್ಜಿಯೂ ಗುಂಡುಕಲ್ಲಿಗೆ ಕೈಹಾಕಬಾರದು. ಎಲುಬು ಸವೆದವರು ಭಾರ ಹಿಡಿದು ಮುಂದಕ್ಕೆ ಬಾಗಿದರೆ ಬೆನ್ನೆಲುಬಿನ ಮಣಿಗಳು ಕುಸಿಯಬಹುದು. ಮೊದಲು ವೈದ್ಯರ ಪರೀಕ್ಷೆ, ಬಳಿಕ ಕಲಿಸುವವರ ಎದುರಿನಲ್ಲಿ ಹಗುರದಿಂದ ಆರಂಭ.

ಯಾವ ಕರಪತ್ರ ಬಂದರೂ ವಾಚಕರು ಮೂರು ಪ್ರಶ್ನೆ ಕೇಳಬೇಕು. ಅಳೆದುದು ಹೇಗೆ? ಸೊಂಟ, ಬೆನ್ನುಗಳನ್ನು ಕ್ಷಕಿರಣದಿಂದ ಅಳೆಯುವ ಡೆಕ್ಸಾ ಪರೀಕ್ಷೆಯೇ ಪ್ರಮಾಣ. ಶಿಬಿರಗಳಲ್ಲಿ ಹಿಮ್ಮಡಿಗೆ ಹಿಡಿಯುವ ಯಂತ್ರ ಅದಕ್ಕೆ ಬದಲಾಗದು. ಎಷ್ಟು ಕಾಲ? ಎಲುಬು ಕರಗಿ ಕಟ್ಟಿಕೊಳ್ಳಲು ತಿಂಗಳುಗಳೇ ಬೇಕಾದುದರಿಂದ ಮೂವತ್ತು ದಿನಗಳ ಮಾತು ನಿಲ್ಲದು. ಯಾರೊಡನೆ ಹೋಲಿಸಿದರು? ಹೋಲಿಕೆಯಿಲ್ಲದ ಹೊಗಳಿಕೆ ಪ್ರಮಾಣವಲ್ಲ.

ಆಹಾರವನ್ನೂ ಮರೆಯಬಾರದು. ನಮ್ಮ ಕಡೆಯ ಜೋಳದಲ್ಲಿ ಸುಣ್ಣದಂಶ ಕಡಮೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ. ಹಾಲು ಮಜ್ಜಿಗೆಗಳಂತೂ ಇದ್ದೇ ಇವೆ.

ಅಕ್ಕ ಎಮ್ಮೆಯನ್ನು ಮಾರಲಿಲ್ಲ. ವೈದ್ಯರು ಕೊಟ್ಟ ಔಷಧ ನಡೆದಿದೆ. ಗೋಡೆ ಹಿಡಿದು ಒಂಟಿಕಾಲಲ್ಲಿ ನಿಲ್ಲುವುದನ್ನೂ, ಕೈಯೂರದೆ ಕುರ್ಚಿಯಿಂದೇಳುವುದನ್ನೂ ಕಲಿತಿದ್ದಾಳೆ. ಬೀಳದಿರುವುದೂ ಎಲುಬಿನ ರಕ್ಷಣೆಯೇ ಅಲ್ಲವೆ? ಎಲುಬು ಎಷ್ಟು ಬಲಿಯಿತೆಂಬುದು ವರ್ಷ ತುಂಬಿ ಮತ್ತೆ ಅಳೆದಾಗ ತಿಳಿಯಬೇಕು.